45 ಆಂಪ್‌ನಿಂದ 75 ಆಂಪ್‌ಗೆ: ಹಳೆ ಕಾರಿಗೆ ಮನೆಯಲ್ಲೇ ಹೊಸ ಆಲ್ಟರ್ನೇಟರ್

ಮಳೆ ಸುರಿಯುವ ರಾತ್ರಿ, ಸಿಗ್ನಲ್‌ನಲ್ಲಿ ನಿಂತಿದ್ದೇನೆ. ಹೆಡ್‌ಲೈಟ್ ಹಾಕಿದೆ, ವೈಪರ್ ಓಡುತ್ತಿದೆ, ಗಾಜಿನ ಮಂಜು ಹೋಗಲಿ ಅಂತ ಬ್ಲೋವರ್ ಜೋರಾಗಿಟ್ಟಿದ್ದೇನೆ. ಅಷ್ಟರಲ್ಲಿ ರೇಡಿಯೇಟರ್ ಫ್ಯಾನ್ ಶುರುವಾಗುತ್ತದೆ. ಹೆಡ್‌ಲೈಟ್ ಮಂಕು, ವೈಪರ್ ನಿಧಾನ, ಬ್ರೇಕ್ ಒತ್ತಿದರೆ ಬೆಳಕು ಇನ್ನೂ ಒಂದು ಹಂತ ಕೆಳಗೆ. ಎಕ್ಸಲರೇಟರ್ ಸ್ವಲ್ಪ ಒತ್ತಿದರೆ ಎಲ್ಲಕ್ಕೂ ಜೀವ ಬರುತ್ತದೆ, ಬಿಟ್ಟರೆ ಮತ್ತೆ ಅದೇ ಕಥೆ. ಎರಡು ಮಳೆಗಾಲ ಹೀಗೇ ಓಡಿಸಿದೆ. ಬ್ಯಾಟರಿಯನ್ನೂ ಬದಲಾಯಿಸಿದೆ. ಬೆಳಿಗ್ಗೆ ಸ್ಟಾರ್ಟರ್ ಮೊದಲಿನ ಹಾಗೇ ಎಳೆದಾಡುತ್ತಿತ್ತು, ರಾತ್ರಿ ಲೈಟು ಮೊದಲಿನ ಹಾಗೇ ಮಂಕು.

ಗಾಡಿ ಮೂವತ್ತು ವರ್ಷಕ್ಕಿಂತ ಹಳೆಯದು. ಕಾರ್ಬ್ಯುರೇಟರ್ ಇಂಜಿನ್, ಕಂಪ್ಯೂಟರ್ ಅನ್ನುವುದು ಎಲ್ಲೂ ಇಲ್ಲ, ಡ್ಯಾಶ್‌ಬೋರ್ಡ್‌ನಲ್ಲಿ ಚಾರ್ಜ್ ಲ್ಯಾಂಪ್ ಬದಲು ಕರೆಂಟು ಅಳೆಯುವ ಒಂದು ಆಮ್ಮೀಟರ್. ಇಂಜಿನ್ ಓಡುವಾಗ ಕರೆಂಟು ತಯಾರಿಸಿ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ 45 ಆಂಪಿನದು. ಅದರ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಹೊರಗೆ ಬೇರೆ ಡಬ್ಬಿಯಲ್ಲಿ, ಕಾಂಟ್ಯಾಕ್ಟ್ ಪಾಯಿಂಟ್ ಇರುವ ಹಳೇ ಥರದ್ದು. ಗಾಡಿ ತಯಾರಾದ ಕಾಲಕ್ಕೆ ಅದು ಸಾಕಾಗಿತ್ತು, ಏಕೆಂದರೆ ರೇಡಿಯೇಟರ್ ಫ್ಯಾನ್ ಆಗ ಬೆಲ್ಟಿನಿಂದ ತಿರುಗುತ್ತಿತ್ತು. ಎಲೆಕ್ಟ್ರಿಕ್ ಫ್ಯಾನ್ ಆಮೇಲೆ ನಾನು ಹಾಕಿದ್ದು.

ಯಾವ ಭಾಗವನ್ನೂ ಕೊಳ್ಳುವ ಮೊದಲು ಲೆಕ್ಕ ಮಾಡಬೇಕು. ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಹಿಡಿದು ಒಂದೊಂದೇ ಸ್ವಿಚ್ ಹಾಕುತ್ತಾ ಬರೆದುಕೊಂಡೆ. 55 ವ್ಯಾಟಿನ ಎರಡು ಹೆಡ್‌ಲೈಟ್ ಸೇರಿ ಸುಮಾರು 9 ಆಂಪ್. ಪಾರ್ಕಿಂಗ್, ಹಿಂದಿನ ದೀಪ, ಮೀಟರ್ ದೀಪ ಎಲ್ಲ ಸೇರಿ 4. ಇಗ್ನಿಷನ್ 4. ವೈಪರ್ 4. ಬ್ಲೋವರ್ ಪೂರ್ತಿ ವೇಗದಲ್ಲಿ 12. ರೇಡಿಯೇಟರ್ ಫ್ಯಾನ್ ಓಡುವಾಗ 14, ಶುರುವಾಗುವ ಕ್ಷಣದಲ್ಲಿ ಇನ್ನೂ ತುಂಬಾ ಜಾಸ್ತಿ. ಬ್ರೇಕ್ ಲೈಟು ಮೂರೂವರೆ. ಒಟ್ಟು 50ರ ಹತ್ತಿರ. ಅಂದರೆ ಆಲ್ಟರ್ನೇಟರ್ ತನ್ನ ಪೂರ್ತಿ ಶಕ್ತಿ ಕೊಟ್ಟರೂ ಸಾಲದು. ಅದೂ ಅಲ್ಲದೆ ಆ 45 ಅನ್ನುವ ಸಂಖ್ಯೆ ಜೋರಾಗಿ ತಿರುಗುವಾಗ ಸಿಗುವುದು. ಐಡಲ್‌ನಲ್ಲಿ, ಅಂದರೆ ಎಕ್ಸಲರೇಟರ್ ಒತ್ತದೆ ಇಂಜಿನ್ ಓಡುವಾಗ, ಸಿಗುವುದು ಹೆಚ್ಚುಕಡಿಮೆ ಅದರ ಅರ್ಧ. ನನ್ನದರಲ್ಲಿ ಐಡಲ್‌ನಲ್ಲಿ ಎಲ್ಲವನ್ನೂ ಹಾಕಿ ಅಳೆದಾಗ ಆಲ್ಟರ್ನೇಟರ್‌ನಿಂದ 22 ಆಂಪ್ ಬರುತ್ತಿತ್ತು, ಉಳಿದ 28 ಬ್ಯಾಟರಿಯಿಂದ ಹೋಗುತ್ತಿತ್ತು. ಬ್ಯಾಟರಿ ವೋಲ್ಟೇಜ್ 11.9, ಅದೂ ಇಳಿಯುತ್ತಲೇ ಇತ್ತು. ಪಾಪ, ಬ್ಯಾಟರಿಯನ್ನು ಬೈದುಕೊಂಡು ಏನು ಪ್ರಯೋಜನ?

ಯಾವುದು ಹಾಕಬೇಕು ಅನ್ನುವುದಕ್ಕೆ ಸ್ವಲ್ಪ ಯೋಚಿಸಬೇಕಾಯಿತು. ಜಾಸ್ತಿ ಆಂಪ್ ಇದ್ದಷ್ಟೂ ಒಳ್ಳೆಯದು ಅಂತ ಅನಿಸುತ್ತದೆ, 120 ಆಂಪಿನವು ಕೂಡ ಸಿಗುತ್ತವೆ. ಆದರೆ ನನ್ನ ಗಾಡಿಯಲ್ಲಿರುವುದು ಒಂದೇ ವಿ ಬೆಲ್ಟ್, ಅದೇ ಬೆಲ್ಟ್ ನೀರಿನ ಪಂಪನ್ನೂ ತಿರುಗಿಸುತ್ತದೆ. 75 ಆಂಪ್, 14 ವೋಲ್ಟ್ ಅಂದರೆ ಸಾವಿರ ವ್ಯಾಟಿಗಿಂತ ಸ್ವಲ್ಪ ಜಾಸ್ತಿ. ಆಲ್ಟರ್ನೇಟರ್ ಒಳಗೇ ಸುಮಾರು 40 ಪರ್ಸೆಂಟ್ ಬಿಸಿಯಾಗಿ ಹೋಗುತ್ತದೆ. ಹಾಗಾಗಿ ಬೆಲ್ಟ್ ಎಳೆಯಬೇಕಾದದ್ದು ಹೆಚ್ಚುಕಡಿಮೆ ಎರಡೂವರೆ ಅಶ್ವಶಕ್ತಿ. ಒಂದೇ ವಿ ಬೆಲ್ಟಿಗೆ ಅದಕ್ಕಿಂತ ಹೆಚ್ಚಿನ ಭಾರ ಹಾಕಿದರೆ ಜಾರುತ್ತದೆ, ಜಾರದಿರಲಿ ಅಂತ ಬಿಗಿ ಮಾಡಿದರೆ ನೀರಿನ ಪಂಪಿನ ಬೇರಿಂಗ್ ಹೋಗುತ್ತದೆ. ಅದಕ್ಕೇ 75ಕ್ಕೆ ನಿಲ್ಲಿಸಿದೆ. ಅದೇ ಇಂಜಿನ್ನಿನ ಮುಂದಿನ ಮಾದರಿಗೆ ಬರುತ್ತಿದ್ದದ್ದು, ರೆಗ್ಯುಲೇಟರ್ ಒಳಗೇ ಇರುವುದು, ಮೂರು ಕನೆಕ್ಷನ್ ಅಷ್ಟೇ: ಕರೆಂಟು ಹೊರಬರುವ ದಪ್ಪ ಬಿ ಪ್ಲಸ್, ಚಾರ್ಜ್ ಲ್ಯಾಂಪಿಗೆ ಹೋಗುವ ಸಣ್ಣ ಡಿ ಪ್ಲಸ್, ಮತ್ತೆ ಮೈಗೆ ಅರ್ಥ್. ನಿಮ್ಮದು ಹಳೆ ಡೀಸೆಲ್ ಗಾಡಿಯಾದರೆ ಇನ್ನೊಂದು ವಿಷಯ ನೋಡಿ, ಎಷ್ಟೋ ಡೀಸೆಲ್ ಗಾಡಿಗಳಲ್ಲಿ ಬ್ರೇಕ್ ಬೂಸ್ಟರ್‌ಗೆ ಬೇಕಾದ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರ್ ಬೆನ್ನಿಗೇ ಕೂತಿರುತ್ತದೆ. ಅದಿಲ್ಲದ ಆಲ್ಟರ್ನೇಟರ್ ಹಾಕಿದರೆ ಬ್ರೇಕ್ ಕಲ್ಲಾಗುತ್ತದೆ.

ಮೊದಲ ಶನಿವಾರ. ಬ್ಯಾಟರಿಯ ಮೈನಸ್ ಕಳಚಿದೆ. ಇದನ್ನು ಬಿಟ್ಟು ಯಾವ ಕೆಲಸಕ್ಕೂ ಕೈ ಹಾಕಬೇಡಿ, ಏಕೆಂದರೆ ಬಿ ಪ್ಲಸ್ ಬೋಲ್ಟು ಇಂಜಿನ್ ನಿಂತಿದ್ದರೂ ನೇರ ಬ್ಯಾಟರಿಗೆ ಸೇರಿಕೊಂಡಿರುತ್ತದೆ, ಸ್ಪ್ಯಾನರ್ ಒಂದು ಕಡೆ ಬೋಲ್ಟಿಗೆ, ಇನ್ನೊಂದು ಕಡೆ ಇಂಜಿನ್ನಿಗೆ ತಾಗಿದರೆ ಕೈಯಲ್ಲೇ ವೆಲ್ಡಿಂಗ್ ಆಗುತ್ತದೆ. ಎಲ್ಲ ವೈರಿಗೂ ಕಾಗದದ ಚೀಟಿ ಅಂಟಿಸಿ, ಫೋಟೋ ತೆಗೆದು ಬಿಚ್ಚಿದೆ. ಮೇಲಿನ ಅಡ್ಜಸ್ಟ್ ಬೋಲ್ಟ್ ಸುಲಭವಾಗಿ ಬಂತು. ಕೆಳಗಿನ ಉದ್ದ ಬೋಲ್ಟ್ ಬುಷ್‌ನೊಳಗೆ ತುಕ್ಕು ಹಿಡಿದು ಕೂತಿತ್ತು. ತುಕ್ಕು ಬಿಡಿಸುವ ಎಣ್ಣೆ ಹೊಡೆದು ರಾತ್ರಿ ಪೂರ್ತಿ ಬಿಟ್ಟೆ. ಬೆಳಿಗ್ಗೆ ನಟ್ಟನ್ನು ತುದಿಯಲ್ಲಿ ಒಂದೆರಡು ಸುತ್ತು ಉಳಿಸಿ, ಅದರ ಮೇಲೆ ಮರದ ತುಂಡಿಟ್ಟು ಸುತ್ತಿಗೆಯಿಂದ ಹೊಡೆದಾಗ ಹೊರಟಿತು. ಹಳೆ ಬೋಲ್ಟ್ ಸವೆದು ನಡು ಸಣ್ಣಗಾಗಿತ್ತು, ಹೊಸದು ಹಾಕಿದೆ.

ಪಕ್ಕಪಕ್ಕ ಇಟ್ಟು ನೋಡಿದರೆ ಹೊಸದು ಹಳೆಯದಕ್ಕಿಂತ 12 ಮಿಲಿಮೀಟರ್ ಹೆಚ್ಚು ಉದ್ದ, ಮೈ ಸ್ವಲ್ಪ ದಪ್ಪ. ಕೆಳಗಿನ ಬೋಲ್ಟ್ ಹಾಯುವ ಕಿವಿಯ ಅಗಲ 60 ಮಿಲಿಮೀಟರ್, ಬ್ರ್ಯಾಕೆಟ್‌ನಲ್ಲಿ ಇರುವ ಜಾಗ 68. ಈ 8 ಮಿಲಿಮೀಟರ್ ಸಂದನ್ನು ಬೋಲ್ಟ್ ಬಿಗಿ ಮಾಡಿ ಮುಚ್ಚಿಸಬಾರದು. ಕಿವಿ ಅಲ್ಯೂಮಿನಿಯಂ, ಬಾಗುವುದಿಲ್ಲ, ಬಿರುಕು ಬಿಡುತ್ತದೆ. ಲೇತಿನಲ್ಲಿ ಸ್ಟೀಲಿನ ಎರಡು ಬುಷ್ ಮಾಡಿಸಿದೆ.

ಎರಡು ಯಾಕೆ ಅಂದರೆ, ಸಂದು ಎಷ್ಟು ಮುಂದೆ, ಎಷ್ಟು ಹಿಂದೆ ಅನ್ನುವುದರ ಮೇಲೆಯೇ ಬೆಲ್ಟ್ ನೇರ ಬರುವುದು. ಮೊದಲು ತೆಳು ವಾಷರ್‌ಗಳನ್ನೇ ಹಾಕಿ ಆಲ್ಟರ್ನೇಟರನ್ನು ಕೂರಿಸಿ, ಕ್ರ್ಯಾಂಕ್ ಪುಲ್ಲಿಯ ಮುಖಕ್ಕೆ ಉದ್ದದ ಸ್ಟೀಲ್ ಸ್ಕೇಲ್ ಒತ್ತಿ ಹಿಡಿದು ನೋಡಿದೆ. ಎಲ್ಲರೂ ತಪ್ಪುವುದು ಇಲ್ಲೇ, ನಾನೂ ತಪ್ಪಿದ್ದೆ: ಎರಡು ಪುಲ್ಲಿಗಳ ಮುಖ ಒಂದೇ ಸಾಲಿಗೆ ಬಂದರೆ ಆಯಿತು ಅಂದುಕೊಂಡೆ. ಪುಲ್ಲಿಗಳ ಅಂಚಿನ ದಪ್ಪ ಬೇರೆಬೇರೆ ಇರುತ್ತದೆ, ಹಾಗಾಗಿ ಸಾಲಿಗೆ ಬರಬೇಕಾದದ್ದು ಬೆಲ್ಟ್ ಕೂರುವ ತಗ್ಗಿನ ನಡು. ವರ್ನಿಯರ್‌ನಲ್ಲಿ ಎರಡೂ ಪುಲ್ಲಿಯ ಅಂಚನ್ನು ಅಳೆದು ವ್ಯತ್ಯಾಸ ಕಳೆದ ಮೇಲೆ ಲೆಕ್ಕ ಸಿಕ್ಕಿತು: ಮುಂದೆ 5, ಹಿಂದೆ 3. ಆ ಅಳತೆಗೇ ಬುಷ್ ಮಾಡಿಸಿದ್ದು. ಈಗ ಒಂದು ಮಿಲಿಮೀಟರಿಗಿಂತ ಕಡಿಮೆ ಆಚೀಚೆ ಇದೆ.

ಹೊಸದರ ಜೊತೆ ಬಂದಿದ್ದ ಪುಲ್ಲಿ ಹಲವು ಗೆರೆಗಳ ಚಪ್ಪಟೆ ಬೆಲ್ಟಿನದು. ನನಗೆ ಬೇಕಾದದ್ದು ವಿ ಪುಲ್ಲಿ. ಹಳೆಯದರ ವ್ಯಾಸ 68 ಮಿಲಿಮೀಟರ್, ಕ್ರ್ಯಾಂಕ್ ಪುಲ್ಲಿ 140, ಅಂದರೆ ಇಂಜಿನ್ ಒಂದು ಸುತ್ತು ಹೋದರೆ ಆಲ್ಟರ್ನೇಟರ್ ಎರಡು ಸುತ್ತಿಗಿಂತ ಸ್ವಲ್ಪ ಜಾಸ್ತಿ. ನನ್ನ ತೊಂದರೆಯೆಲ್ಲ ಐಡಲ್‌ನಲ್ಲೇ ಇದ್ದದ್ದರಿಂದ 62 ಮಿಲಿಮೀಟರಿನ ಪುಲ್ಲಿ ಹುಡುಕಿ ಹಾಕಿದೆ. ಈಗ ಇಂಜಿನ್ ನಿಮಿಷಕ್ಕೆ 800 ಸುತ್ತಿನಲ್ಲಿ ಇದ್ದಾಗ ಆಲ್ಟರ್ನೇಟರ್ 1800ರಲ್ಲಿ ತಿರುಗುತ್ತದೆ. ಇಂಜಿನ್ 6000 ಮುಟ್ಟಿದರೂ ಅದು 13,500ರ ಹತ್ತಿರ ಇರುತ್ತದೆ, ಈ ಆಲ್ಟರ್ನೇಟರ್‌ನ ಮಿತಿಯೊಳಗೇ. ಇನ್ನೂ ಸಣ್ಣದು ಹಾಕಬಹುದಿತ್ತು, ಆದರೆ ಪುಲ್ಲಿ ಸಣ್ಣದಾದಷ್ಟೂ ಬೆಲ್ಟಿನ ಹಿಡಿತ ಕಡಿಮೆ. ಪುಲ್ಲಿಯ ನಟ್ಟು ಬಿಚ್ಚಲು ಫ್ಯಾನಿನ ರೆಕ್ಕೆಗೆ ಸ್ಕ್ರೂಡ್ರೈವರ್ ಕೊಟ್ಟು ತಡೆಯಬೇಡಿ, ರೆಕ್ಕೆ ಮುರಿಯುತ್ತದೆ. ಹಳೆಯ ಬೆಲ್ಟನ್ನು ಪುಲ್ಲಿಗೆ ಸುತ್ತಿ, ಎರಡೂ ಪದರ ಸೇರಿಸಿ ವೈಸಿನಲ್ಲಿ ಕಚ್ಚಿಸಿದರೆ ಅಲ್ಲಾಡದೆ ನಿಲ್ಲುತ್ತದೆ.

ಇಷ್ಟು ಕಬ್ಬಿಣದ ಕೆಲಸ. ನಿಜವಾದ ಕೆಲಸ ವೈರಿನದು.

ಹಳೆ ವ್ಯವಸ್ಥೆಯಲ್ಲಿ ಆಲ್ಟರ್ನೇಟರ್‌ನಿಂದ ಹೊರಟ ಕರೆಂಟು ಒಂದು 6 ಚದರ ಮಿಲಿಮೀಟರ್ ವೈರಿನಲ್ಲಿ ಬೆಂಕಿತಡೆ ಗೋಡೆ ದಾಟಿ ಡ್ಯಾಶ್‌ಬೋರ್ಡಿಗೆ ಬಂದು, ಆಮ್ಮೀಟರ್ ಒಳಗೆ ಹಾದು, ಮತ್ತೆ ಹೊರಗೆ ಹೋಗಿ ಬ್ಯಾಟರಿ ಸೇರುತ್ತಿತ್ತು. ಒಟ್ಟು 4 ಮೀಟರ್. ತಾಮ್ರದ ಲೆಕ್ಕ ಹಾಕಿ ನೋಡಿ: ಅಷ್ಟು ಉದ್ದದ ಆ ವೈರಿನಲ್ಲಿ 45 ಆಂಪ್ ಹೋದರೆ ಅರ್ಧ ವೋಲ್ಟ್ ದಾರಿಯಲ್ಲೇ ಖಾಲಿ, 70 ಹೋದರೆ 0.8 ವೋಲ್ಟ್. ಜೊತೆಗೆ ಆಮ್ಮೀಟರಿನ ಹಿಂದಿನ ಎರಡು ನಟ್ಟು, ಫ್ಯೂಸ್ ಇಲ್ಲದ ದಪ್ಪ ವೈರು ಮೊಣಕಾಲಿನ ಹತ್ತಿರ. ದೊಡ್ಡ ಆಲ್ಟರ್ನೇಟರ್ ಹಾಕಿ ಈ ದಾರಿಯನ್ನು ಹಾಗೇ ಬಿಡುವುದು ಅಂದರೆ ಡ್ಯಾಶ್‌ಬೋರ್ಡಿನ ಒಳಗೆ ಹೀಟರ್ ಇಟ್ಟ ಹಾಗೆ. ನನ್ನ ಆಮ್ಮೀಟರ್ ಬಿಚ್ಚಿದಾಗ ಒಂದು ನಟ್ಟಿನ ಸುತ್ತ ಪ್ಲಾಸ್ಟಿಕ್ ಆಗಲೇ ಕಂದಾಗಿತ್ತು. ಈ ಒಂದು ವಿಷಯದಲ್ಲಿ ನಾನು ಗಟ್ಟಿಯಾಗಿ ಹೇಳುತ್ತೇನೆ, ಆಮ್ಮೀಟರ್ ಮೇಲೆ ಪ್ರೀತಿ ಎಷ್ಟೇ ಇರಲಿ, ಅದರ ಮೂಲಕ 75 ಆಂಪ್ ಹಾಯಿಸಬೇಡಿ.

ಬಿ ಪ್ಲಸ್‌ನಿಂದ ನೇರ ಬ್ಯಾಟರಿಗೆ 16 ಚದರ ಮಿಲಿಮೀಟರಿನ, ಸಣ್ಣ ಎಳೆಗಳ ಕೇಬಲ್ ಎಳೆದೆ, ಒಂದೂವರೆ ಮೀಟರ್. ಬ್ಯಾಟರಿಯಿಂದ ಒಂದು ಗೇಣಿನೊಳಗೆ 100 ಆಂಪಿನ ಬೋಲ್ಟ್ ಫ್ಯೂಸ್. ಫ್ಯೂಸ್ ಆಲ್ಟರ್ನೇಟರ್ ಹತ್ತಿರ ಇರಬಾರದಾ ಅಂತ ತಮ್ಮ ಕೇಳಿದ. ಆಲ್ಟರ್ನೇಟರ್ ತನ್ನ ಮಿತಿ ಮೀರಿ ಕೊಡಲಾರದು. ಕೇಬಲ್ ಎಲ್ಲಾದರೂ ಉಜ್ಜಿ ಇಂಜಿನ್ನಿಗೆ ತಾಗಿದರೆ ನೂರಾರು ಆಂಪ್ ಸುರಿಯುವುದು ಬ್ಯಾಟರಿ. ಅದಕ್ಕೇ ತಡೆ ಬ್ಯಾಟರಿಯ ಬಾಯಲ್ಲಿ ಇರಬೇಕು. ಕೇಬಲ್ ತುದಿಯ ಲಗ್‌ಗಳನ್ನು ಹೈಡ್ರಾಲಿಕ್ ಕ್ರಿಂಪರಿನಲ್ಲಿ ಒತ್ತಿದೆ, ಮೇಲೆ ಹೀಟ್ ಶ್ರಿಂಕ್. ಕೇಬಲ್ಲನ್ನು ಸೈಲೆನ್ಸರ್ ಮ್ಯಾನಿಫೋಲ್ಡಿನಿಂದ ದೂರ ಇಟ್ಟು ಕ್ಲಿಪ್ ಹಾಕಿದೆ, ಆದರೆ ಎಳೆದು ಕಟ್ಟಿಲ್ಲ. ಇಂಜಿನ್ ರಬ್ಬರ್ ಮೇಲೆ ಕೂತಿದೆ, ಎಕ್ಸಲರೇಟರ್ ಕೊಟ್ಟರೆ ವಾಲುತ್ತದೆ, ಅದಕ್ಕೆ ಸ್ವಲ್ಪ ಸಡಿಲ ಬೇಕು.

ಆಮ್ಮೀಟರಿನ ಎರಡು ವೈರುಗಳನ್ನು ಒಂದೇ ಬೋಲ್ಟಿಗೆ ಸೇರಿಸಿ ಮುಚ್ಚಿದೆ, ಆಲ್ಟರ್ನೇಟರ್ ಕಡೆಯ ತುದಿಯನ್ನು ಕಳಚಿ ಇನ್ಸುಲೇಟ್ ಮಾಡಿದೆ. ಈಗ ಆ ಹಳೆ ವೈರು ಬ್ಯಾಟರಿಯಿಂದ ಒಳಗಿನ ದೀಪ, ಬ್ಲೋವರ್, ಇಗ್ನಿಷನ್ನಿಗೆ ಮಾತ್ರ ಕರೆಂಟು ಒಯ್ಯುತ್ತದೆ, ಅದಕ್ಕೂ ಬ್ಯಾಟರಿ ಹತ್ತಿರ 50 ಆಂಪ್ ಫ್ಯೂಸ್ ಕೊಟ್ಟೆ. ಆಮ್ಮೀಟರ್ ಜಾಗದಲ್ಲಿ ಅದೇ ಅಳತೆಯ ವೋಲ್ಟ್‌ಮೀಟರ್. ಹಳೆ ರೆಗ್ಯುಲೇಟರ್ ಡಬ್ಬಿಯ ಕನೆಕ್ಷನ್ ಎಲ್ಲ ತೆಗೆದೆ, ಡಬ್ಬಿ ಮಾತ್ರ ಅದರ ಜಾಗದಲ್ಲೇ ಇದೆ, ಇಲ್ಲದಿದ್ದರೆ ಇಂಜಿನ್ ಕೋಣೆ ಬೋಳಾಗಿ ಕಾಣುತ್ತದೆ.

ಡಿ ಪ್ಲಸ್ ವಿಷಯದಲ್ಲಿ ಎಡವಿದೆ. ಈ ಸಣ್ಣ ವೈರು ಚಾರ್ಜ್ ಲ್ಯಾಂಪಿನದು, ಜರ್ಮನ್ ಗುರುತಿನ ಗಾಡಿಗಳಲ್ಲಿ ಲ್ಯಾಂಪ್ ಕಡೆ 61 ಅಂತ ಬರೆದಿರುತ್ತದೆ. ಲ್ಯಾಂಪ್ ಸುಮ್ನೆ ಎಚ್ಚರಿಕೆಗಾಗಿ ಇರುವುದಲ್ಲ. ಇಗ್ನಿಷನ್ ಹಾಕಿದಾಗ ಅದರ ಮೂಲಕ ಹೋಗುವ ಸಣ್ಣ ಕರೆಂಟೇ ಆಲ್ಟರ್ನೇಟರ್ ಒಳಗೆ ತಿರುಗುವ ಸುರುಳಿಯನ್ನು, ಅಂದರೆ ರೋಟರನ್ನು, ಮೊದಲು ಅಯಸ್ಕಾಂತ ಮಾಡುವುದು. ನನ್ನ ಗಾಡಿಯಲ್ಲಿ ಲ್ಯಾಂಪೇ ಇರಲಿಲ್ಲ, ಹೊಸದಾಗಿ ಒಂದು ಚಂದದ ಕೆಂಪು ಎಲ್‌ಇಡಿ ಹಾಕಿದೆ. ಬ್ಯಾಟರಿ ಸೇರಿಸಿ ಸ್ಟಾರ್ಟ್ ಮಾಡಿದರೆ 12.3 ವೋಲ್ಟ್. ಚಾರ್ಜೇ ಇಲ್ಲ. ಎದೆ ಧಸಕ್ಕೆಂದಿತು. ತಮ್ಮ ಎಕ್ಸಲರೇಟರ್ ಒತ್ತಿದ, 2500 ದಾಟಿದ ಕೂಡಲೇ ಸೂಜಿ ಹಾರಿ 14.3ಕ್ಕೆ ಹೋಗಿ ನಿಂತಿತು. ಆಮೇಲೆ ಐಡಲ್‌ಗೆ ಬಂದರೂ ಚಾರ್ಜ್ ಆಗುತ್ತಲೇ ಇತ್ತು. ಆಗ ಅರ್ಥವಾಯಿತು: ಎಲ್‌ಇಡಿ ಮೂಲಕ ಹೋಗುವ ಕರೆಂಟು ತೀರಾ ಕಡಿಮೆ, ರೋಟರಿನಲ್ಲಿ ಉಳಿದಿದ್ದ ಅಷ್ಟಿಷ್ಟು ಅಯಸ್ಕಾಂತದಿಂದ ಎದ್ದೇಳಲು ಅಷ್ಟು ವೇಗ ಬೇಕಾಗಿತ್ತು. ಎಲ್‌ಇಡಿಗೆ ಸಮಾನಾಂತರವಾಗಿ 68 ಓಮಿನ 5 ವ್ಯಾಟ್ ರೆಸಿಸ್ಟರ್ ಹಾಕಿದೆ, ಸುಮಾರು 0.17 ಆಂಪ್ ಹೋಗುತ್ತದೆ, ಈಗ ಕೀ ತಿರುಗಿಸಿದ ಕೂಡಲೇ ಚಾರ್ಜ್. 3 ವ್ಯಾಟಿನ ಸಾದಾ ಬಲ್ಬ್ ಹಾಕಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಅವತ್ತು ಅಕ್ಕಪಕ್ಕದಲ್ಲಿ ನೋಡುತ್ತಿದ್ದವರೊಬ್ಬರು, ಇಂಜಿನ್ ಓಡುವಾಗಲೇ ಬ್ಯಾಟರಿ ಟರ್ಮಿನಲ್ ತೆಗೆದು ನೋಡಿ, ಇಂಜಿನ್ ನಿಲ್ಲದಿದ್ದರೆ ಡೈನಮೋ ಸರಿ ಇದೆ ಅಂತ ಅರ್ಥ ಅಂದರು. ದಯವಿಟ್ಟು ಮಾಡಬೇಡಿ. ಇದು ನಿಜವಾದ ಡೈನಮೋ ಇದ್ದ ಕಾಲದ ಅಭ್ಯಾಸ. ಆಲ್ಟರ್ನೇಟರ್ ಜೋರಾಗಿ ಚಾರ್ಜ್ ಮಾಡುತ್ತಿರುವಾಗ ಬ್ಯಾಟರಿ ಕಳಚಿದರೆ ವೋಲ್ಟೇಜ್ ಒಂದು ಕ್ಷಣ ಎಷ್ಟೋ ಪಟ್ಟು ಹಾರುತ್ತದೆ. ಆಲ್ಟರ್ನೇಟರ್ ಒಳಗೆ ಎಸಿಯನ್ನು ಡಿಸಿ ಮಾಡುವ ಡಯೋಡು, ರೆಗ್ಯುಲೇಟರ್, ರೇಡಿಯೋ ಯಾವುದು ಬೇಕಾದರೂ ಸುಡಬಹುದು. ಮಲ್ಟಿಮೀಟರ್ ಇದ್ದರೆ ಇದ್ಯಾವುದೂ ಬೇಕಿಲ್ಲ, ಅಲ್ವಾ?

ಈಗ ಎಲ್ಲ ಸ್ವಿಚ್ ಹಾಕಿ, ಇಂಜಿನ್ 2000ದಲ್ಲಿ ಹಿಡಿದು ಅಳೆದೆವು. ಆಲ್ಟರ್ನೇಟರಿನ ಬಿ ಪ್ಲಸ್‌ನಿಂದ ಅದರದೇ ಮೈಗೆ 14.3. ಬ್ಯಾಟರಿಯ ಎರಡು ತುದಿಗಳ ನಡುವೆ 13.6. ಹೊಸ ದಪ್ಪ ಕೇಬಲ್ ಹಾಕಿಯೂ 0.7 ವೋಲ್ಟ್ ಎಲ್ಲಿ ಹೋಯಿತು? ಮೀಟರಿನ ಒಂದು ಕಡ್ಡಿ ಬಿ ಪ್ಲಸ್ ಮೇಲೆ, ಇನ್ನೊಂದು ಬ್ಯಾಟರಿ ಪ್ಲಸ್ ಮೇಲೆ: 0.12. ಕೇಬಲ್ ಚೆನ್ನಾಗಿದೆ. ಆಮೇಲೆ ಒಂದು ಕಡ್ಡಿ ಆಲ್ಟರ್ನೇಟರ್ ಮೈಗೆ, ಇನ್ನೊಂದು ಬ್ಯಾಟರಿ ಮೈನಸ್‌ಗೆ: 0.58.

ಹೋದ ಕರೆಂಟು ತಿರುಗಿ ಬರಬೇಕಲ್ಲ, ಆ ದಾರಿಯನ್ನು ನಾನು ಮುಟ್ಟಿಯೇ ಇರಲಿಲ್ಲ. ಬ್ಯಾಟರಿ ಮೈನಸ್ ಬಾಡಿಗೆ ಹೋಗುತ್ತದೆ, ಬಾಡಿಯಿಂದ ಇಂಜಿನ್ನಿಗೆ ಒಂದು ಹೆಣೆದ ತಾಮ್ರದ ಪಟ್ಟಿ. ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿದರೆ ಪಟ್ಟಿಯ ಅರ್ಧಕ್ಕರ್ಧ ಎಳೆ ಹರಿದಿತ್ತು, ಉಳಿದದ್ದಕ್ಕೆ ಹಸಿರು ಕಿಲುಬು, ಬೋಲ್ಟಿನ ಕೆಳಗೆ ತುಕ್ಕು. ಇಂಜಿನ್ ರಬ್ಬರ್ ಮೌಂಟ್ ಮೇಲೆ ಕೂತಿರುವುದರಿಂದ ಕರೆಂಟಿಗೆ ಬೇರೆ ನೇರ ದಾರಿ ಇಲ್ಲ. ಅದು ಸುಮ್ಮನಿರುವುದಿಲ್ಲ, ಸಿಕ್ಕ ಕಬ್ಬಿಣ ಹಿಡಿದು ಹೋಗುತ್ತದೆ.

ಆ ಕಬ್ಬಿಣ ಯಾವುದು ಅಂತ ಹೊಳೆದದ್ದು ಆಗ. ಕಳೆದ ವರ್ಷ ಚೋಕ್ ಕೇಬಲ್ (ತಣ್ಣಗಿನ ಇಂಜಿನ್ ಶುರುಮಾಡಲು ಡ್ಯಾಶ್‌ಬೋರ್ಡಿನಿಂದ ಕಾರ್ಬ್ಯುರೇಟರಿಗೆ ಹೋಗುವ ತಂತಿ) ಬಿಗಿಯಾಗಿ ಎಳೆಯಲು ಬರದೆ ಹೊಸದು ಹಾಕಿದ್ದೆ. ಹಳೆಯದರ ಒಳಗಿನ ಪ್ಲಾಸ್ಟಿಕ್ ಕೊಳವೆ ಕರಗಿ ತಂತಿಗೆ ಅಂಟಿತ್ತು. ಮ್ಯಾನಿಫೋಲ್ಡಿನ ಬಿಸಿ ಅಂದುಕೊಂಡಿದ್ದೆ. ತಮ್ಮನಿಗೆ ಸ್ಟಾರ್ಟ್ ಮಾಡು ಅಂತ ಹೇಳಿ ಚೋಕ್ ಕೇಬಲಿನ ಮೇಲೆ ಬೆರಳಿಟ್ಟೆ. ನಾಲ್ಕೈದು ಸಲ ಸ್ಟಾರ್ಟರ್ ತಿರುಗಿಸುವಷ್ಟರಲ್ಲಿ ಕೇಬಲ್ ಬೆಚ್ಚಗಾಯಿತು. ಇಂಜಿನ್ ತಣ್ಣಗಿದ್ದಾಗಲೇ! ಸ್ಟಾರ್ಟರ್ ಎಳೆಯುವುದು 150 ಆಂಪ್. ಅದರ ಒಂದು ಪಾಲು ಕಾರ್ಬ್ಯುರೇಟರ್‌ನಿಂದ ಚೋಕ್ ಕೇಬಲ್ ಹಿಡಿದು ಬಾಡಿಗೆ ಹೋಗುತ್ತಿತ್ತು. ಬೆಳಿಗ್ಗೆ ಸ್ಟಾರ್ಟರ್ ಎಳೆದಾಡುತ್ತಿದ್ದದ್ದಕ್ಕೂ ಇದೇ ಕಾರಣ. 60 ಆಂಪಿಗೆ 0.58 ವೋಲ್ಟ್ ತಿನ್ನುವ ಜೋಡಣೆ 150 ಆಂಪಿಗೆ ಒಂದೂವರೆ ವೋಲ್ಟ್ ತಿನ್ನುತ್ತದೆ. ಬ್ಯಾಟರಿ ಬದಲಾಯಿಸಿದಾಗಲೇ ಇದನ್ನು ಅಳೆಯಬೇಕಿತ್ತು, ಐದು ನಿಮಿಷದ ಕೆಲಸ.

ಹೊಸ ಪಟ್ಟಿ ಹಾಕಿದೆ. ಬಾಡಿಯ ಮೇಲೆ ಲಗ್ ಕೂರುವಷ್ಟು ಜಾಗವನ್ನು ಉಪ್ಪುಕಾಗದದಿಂದ ಬಿಳಿ ಲೋಹ ಕಾಣುವ ತನಕ ಉಜ್ಜಿ, ಬಿಗಿ ಮಾಡಿದ ಮೇಲೆ ಗ್ರೀಸ್ ಬಳಿದೆ. ಅದರ ಜೊತೆಗೆ ಆಲ್ಟರ್ನೇಟರ್ ಬ್ರ್ಯಾಕೆಟ್‌ನಿಂದ ನೇರ ಬ್ಯಾಟರಿ ಮೈನಸ್‌ಗೆ ಇನ್ನೊಂದು 16 ಚದರ ಮಿಲಿಮೀಟರಿನ ಕೇಬಲ್. ಮತ್ತೆ ಅಳೆದಾಗ 0.58 ಇದ್ದದ್ದು 0.07. ಬ್ಯಾಟರಿಯಲ್ಲಿ 14.1. ಮೀಟರನ್ನು ಎಸಿಗೆ ತಿರುಗಿಸಿ ಬ್ಯಾಟರಿ ಮೇಲೆ ಹಿಡಿದರೆ 0.04 ವೋಲ್ಟ್, ಅಂದರೆ ಡಯೋಡುಗಳೆಲ್ಲ ಆರೋಗ್ಯವಾಗಿವೆ. ಅರ್ಧ ವೋಲ್ಟ್ ಮುಟ್ಟಿದರೆ ಯಾವುದೋ ಒಂದು ಡಯೋಡ್ ಹೋಗಿದೆ ಅಂತ ಅನುಮಾನಪಡಬೇಕು.

ಬೆಲ್ಟ್ ಹೊಸದು. ಉದ್ದದ ಕಡೆ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಒಂದು ಸೆಂಟಿಮೀಟರ್ ತಗ್ಗುವ ಹಾಗೆ ಇಟ್ಟು, ಹದಿನೈದು ನಿಮಿಷ ಓಡಿಸಿ, ಮತ್ತೆ ಬಿಗಿ ಮಾಡಿದೆ. ವಾರದ ಮೇಲೆ ಇನ್ನೊಂದು ಸಲ. ಹೊಸ ಬೆಲ್ಟ್ ಮೊದಮೊದಲು ಹಿಗ್ಗುತ್ತದೆ. ಸ್ಟಾರ್ಟ್ ಆದ ಕೂಡಲೇ ಕೀರಲು ಸದ್ದು ಬಂದರೆ ಬಿಡಬೇಡಿ, ಜಾರುವ ಬೆಲ್ಟ್ ಪುಲ್ಲಿಯನ್ನೂ ಸವೆಸುತ್ತದೆ.

ಈಗ ಐಡಲ್ ಲೆಕ್ಕ. ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಆಲ್ಟರ್ನೇಟರ್ 41 ಆಂಪ್ ಕೊಡುತ್ತದೆ, ಒಂಬತ್ತು ಆಂಪ್ ಇನ್ನೂ ಬ್ಯಾಟರಿಯಿಂದ, ವೋಲ್ಟ್‌ಮೀಟರ್ 12.7 ತೋರಿಸುತ್ತದೆ. ಬ್ಲೋವರನ್ನು ನಡುವಿನ ವೇಗಕ್ಕೆ ಇಳಿಸಿದರೆ, ಅಥವಾ ರೇಡಿಯೇಟರ್ ಫ್ಯಾನ್ ನಿಂತರೆ 13 ದಾಟುತ್ತದೆ. 28 ಆಂಪಿನ ಸಾಲ 9ಕ್ಕೆ ಇಳಿದಿದೆ, ಅದೂ ಫ್ಯಾನ್ ಓಡುವ ಒಂದೆರಡು ನಿಮಿಷ ಮಾತ್ರ. ನನಗೆ ಇದು ಸಾಕು. ಹೆಡ್‌ಲೈಟ್ ಹೋಲ್ಡರಿನಲ್ಲಿ ಅಳೆದರೆ ಇನ್ನೂ 1 ವೋಲ್ಟ್ ಕಡಿಮೆ ಇದೆ, ಹಳೆ ಸ್ವಿಚ್ಚಿನೊಳಗೆ ಹೋಗಿ ಬರುವ ಸಣ್ಣ ವೈರು ಅದಕ್ಕೆ ಕಾರಣ. ಮುಂದಿನ ರಜೆಯಲ್ಲಿ ಎರಡು ರಿಲೇ ಹಾಕಿ ಅದನ್ನೂ ಸರಿ ಮಾಡಬೇಕು.

ತಿಂಗಳಾದ ಮೇಲೆ ಎಲ್ಲ ಲಗ್‌ಗಳನ್ನೂ ಮುಟ್ಟಿ ನೋಡಿದೆ, ನಟ್ಟುಗಳಿಗೆ ಸ್ಪ್ಯಾನರ್ ಕೊಟ್ಟು ನೋಡಿದೆ. ಒಂದೂ ಸಡಿಲವಾಗಿಲ್ಲ. ಬೆಳಿಗ್ಗೆ ಅರ್ಧ ಸುತ್ತಿಗೇ ಇಂಜಿನ್ ಹಿಡಿಯುತ್ತದೆ. ನಿನ್ನೆ ಮತ್ತೆ ತಮ್ಮನನ್ನು ಕೂರಿಸಿ, ಇಗ್ನಿಷನ್ ಕಾಯಿಲಿನ ವೈರ್ ತೆಗೆದು, ಇಂಜಿನ್ ಹಿಡಿಯದ ಹಾಗೆ ಮಾಡಿ, ಐದು ಸಲ ಸ್ಟಾರ್ಟರ್ ತಿರುಗಿಸು ಅಂದೆ. ಚೋಕ್ ಕೇಬಲ್ ತಣ್ಣಗೇ ಇತ್ತು.